ಟಿ.ಸಿ. ಕೊಟ್ಟರೆ ಆ ಹುಡುಗ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಮೇಡಂ, ನಮ್ಮದು ಕುಷ್ಟಗಿ ತಾಲೂಕಿನ ಒಂದು ಹಳ್ಳಿ. ಇಲ್ಲಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ, ನಾನೂ ಸದಸ್ಯೆ. ಹೋದ ವಾರ ಬಿಸಿಯೂಟದ ಸಾಲಿನಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ಜೊತೆಯವನ ತಲೆಗೆ ಸ್ಟೀಲ್ ತಟ್ಟೆಯಿಂದ ಹೊಡೆದ. ನಾಲ್ಕು ಹೊಲಿಗೆ ಬಿದ್ದವು. ಹೊಡೆದವನಿಗೆ ಹದಿಮೂರು ವರ್ಷ. ಅಪ್ಪ, ಅವ್ವ ಬೆಂಗಳೂರಿಗೆ ಗುಳೆ ಹೋಗಿದ್ದಾರೆ. ಅಜ್ಜಿ ಹತ್ತಿರ ಇದ್ದಾನೆ. ಬೆಳಗ್ಗೆ ಹತ್ತಿ ಕ್ರಾಸಿಂಗ್ ಕೆಲಸಕ್ಕೆ ಹೋಗಿ ಆಮೇಲೆ ಶಾಲೆಗೆ ಬರುತ್ತಾನೆ. ಮೊದಲೂ ಜಗಳ ಮಾಡಿದ್ದ. ಪೆಟ್ಟು ತಿಂದವನ ಅಪ್ಪ "ಟಿ.ಸಿ. ಕೊಟ್ಟು ಕಳಸ್ರಿ, ಇಲ್ಲಾಂದ್ರ ಸ್ಟೇಷನ್ನಿಗೆ ಹೋಗ್ತೀನಿ" ಅನ್ನುತ್ತಿದ್ದಾರೆ. ಊರೆಲ್ಲ ಅದಕ್ಕೇ ಹೂಂ ಅಂದಿದೆ. ನನ್ನ ಮಗಳೂ ಅದೇ ತರಗತಿ, ಶಾಲೆಗೆ ಹೋಗಲು ಹೆದರುತ್ತಾಳೆ. ಸಭೆಯಲ್ಲಿ ನಾನು ಏನು ಹೇಳಲಿ?
– ಹೆಸರು ಬೇಡ, ಕೊಪ್ಪಳ ಜಿಲ್ಲೆ

ಉತ್ತರ: ತಂಗೀ, ಮೊದಲು ಪೆಟ್ಟು ತಿಂದ ಹುಡುಗನ ಮಾತು. ಮಸ್ಕಿ, ಸಿಂಧನೂರು, ಗಂಗಾವತಿ ಕಡೆ ಹೈಸ್ಕೂಲುಗಳಲ್ಲಿ ಪಾಠ ಮಾಡಿದವಳು ನಾನು. ಇಂಥ ಸಭೆಗಳಲ್ಲಿ ಹೊಡೆದವನ ಬಗ್ಗೆಯೇ ತಾಸುಗಟ್ಟಲೆ ಮಾತು ನಡೆಯುತ್ತದೆ, ಹೊಡೆಸಿಕೊಂಡವನನ್ನು ಯಾರೂ ಕೇಳುವುದಿಲ್ಲ. ನೀವು ಮತ್ತು ಹೆಡ್ ಮಾಸ್ತರು ಅವನ ಮನೆಗೆ ಹೋಗಿ ಬನ್ನಿ. ಆಸ್ಪತ್ರೆಯ ಖರ್ಚು ಎಷ್ಟಾಯಿತು, ಅವನು ಮತ್ತೆ ಯಾವಾಗ ಬರುತ್ತಾನೆ, ಬಂದಾಗ ಎಲ್ಲಿ ಕೂರುತ್ತಾನೆ, ಎಲ್ಲವನ್ನೂ ಅವನನ್ನೇ ಕೇಳಿ. ಆ ಅಪ್ಪನ ಸಿಟ್ಟು ನ್ಯಾಯವಾದದ್ದು. ತನ್ನ ಮಗನನ್ನು ಶಾಲೆ ಕಾಯಲಿಲ್ಲ ಎಂಬ ನೋವು ಅದು.

ಇನ್ನು ಟಿ.ಸಿ. ಕೊಡಲು ಬರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿ ಫೇಲು ಮಾಡುವ ವಿಚಾರದಲ್ಲಿ ಸಡಿಲ ಕೊಟ್ಟಿತು, ಹೊರಹಾಕುವ ವಿಚಾರದಲ್ಲಿ ಕೊಡಲಿಲ್ಲ. ಕೆಲವು ಕಡೆ ಅಜ್ಜಿಯನ್ನು ಕರೆಸಿ, ಹೆಬ್ಬೆಟ್ಟು ಒತ್ತಿಸಿಕೊಂಡು, "ಅವರೇ ಟಿ.ಸಿ. ಕೇಳಿದ್ರು" ಎಂದು ಬರೆದುಕೊಳ್ಳುತ್ತಾರೆ. ನಿಮ್ಮ ಸಭೆಯಲ್ಲಿ ಅದು ಆಗದಂತೆ ನೀವು ಕಾಯಬೇಕು. ಕಾಯ್ದೆ ಪ್ರಕಾರ ಸಮಿತಿಯಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು, ಅವರೆಲ್ಲ ಅವತ್ತು ಬರುವಂತೆ ನೋಡಿಕೊಳ್ಳಿ. ಟಿ.ಸಿ. ಹಿಡಿದ ಹುಡುಗರು ಎಲ್ಲಿಗೆ ಹೋಗುತ್ತಾರೆಂದು ನಾನು ಕಂಡಿದ್ದೇನೆ: ಲಾರಿಯ ಕ್ಲೀನರ್ ಆಗಿ, ಇಲ್ಲವೇ ಬೆಂಗಳೂರಿನ ಕಟ್ಟಡದ ಶೆಡ್ಡಿಗೆ. ಸಿಟ್ಟು ಅವರ ಸಂಗಡವೇ ಹೋಗುತ್ತದೆ, ದೀಪಾವಳಿಗೆ ಅವರ ಸಂಗಡವೇ ಊರಿಗೆ ವಾಪಸ್ಸೂ ಬರುತ್ತದೆ.

ಸ್ಟೇಷನ್ನಿಗೆ ಹೋಗುವುದು ಆ ಅಪ್ಪನ ಹಕ್ಕು, ತಡೆಯಬೇಡಿ. ಆದರೆ ಅಲ್ಲಿ ಏನಾಗುತ್ತದೆಂದು ಇಬ್ಬರ ಮನೆಯವರಿಗೂ ಗೊತ್ತಿರಲಿ. ಬಾಲನ್ಯಾಯ ಕಾಯ್ದೆ 2015ರಲ್ಲಿ ಬಂತು, ಮರುವರ್ಷ ಅದರ ಮಾದರಿ ನಿಯಮಗಳು ಬಂದವು. ಆ ನಿಯಮದಂತೆ ಘೋರ ಅಪರಾಧ ಅಲ್ಲದಿದ್ದರೆ, ದೊಡ್ಡವರು ಜೊತೆಗೂಡಿ ಮಾಡಿದ್ದೂ ಅಲ್ಲದಿದ್ದರೆ, ಮಗುವಿನ ಮೇಲೆ ಎಫ್‌ಐಆರ್ ಹಾಕುವುದಿಲ್ಲ. ಠಾಣೆಯ ಡೈರಿಯಲ್ಲಿ ಬರೆದುಕೊಂಡು, ಮಗುವಿನ ಮನೆಯ ಪರಿಸ್ಥಿತಿಯ ವರದಿಯನ್ನು ಬಾಲನ್ಯಾಯ ಮಂಡಳಿಗೆ ಕಳಿಸುತ್ತಾರೆ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು, ಅವರನ್ನೇ ಕೇಳಿ. ಲಾಕಪ್ಪಿಗೆ ಹಾಕುವಂತಿಲ್ಲ, ಬೇಡಿ ತೊಡಿಸುವಂತಿಲ್ಲ. ಹುಡುಗನ ಹೆಸರು, ಫೋಟೊ ವಾಟ್ಸಾಪ್ ಗ್ರೂಪುಗಳಲ್ಲಿ ಹರಿದಾಡಿದರೆ ಅದು ಬೇರೆಯೇ ಅಪರಾಧ. ನಿಮ್ಮ ಊರಿನ ಗ್ರೂಪಿನಲ್ಲಿ ಈಗಾಗಲೇ ಇದ್ದರೆ ಇವತ್ತೇ ತೆಗೆಸಿ.

ನಿಮ್ಮ ಪತ್ರದಲ್ಲಿ ಒಂದು ಸಾಲನ್ನು ನೀವು ಹಾಗೇ ಹೇಳಿ ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ: ಬೆಳಗ್ಗೆ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಾನೆ. ಹೈಬ್ರಿಡ್ ಹತ್ತಿ ಬೀಜಕ್ಕಾಗಿ ಮಾಡುವ ಆ ಕೆಲಸ ನಮ್ಮ ಕಡೆಯವರಿಗೆಲ್ಲ ಗೊತ್ತು. ಸಂಜೆ ಮೊಗ್ಗು ಬಿಡಿಸಿ ಗಂಡುಭಾಗ ಕಿತ್ತು ಗುರುತು ಮಾಡಬೇಕು, ಮರುದಿನ ಬೆಳಗ್ಗೆ ಇನ್ನೊಂದು ಹೂವಿನ ಪರಾಗ ಮುಟ್ಟಿಸಬೇಕು. ಅಂದರೆ ಈ ಹುಡುಗ ಹೊತ್ತು ಮೂಡುತ್ತಲೇ ಹೊಲದಲ್ಲಿ ನಿಂತು, ಬಹುಶಃ ಬರಿಹೊಟ್ಟೆಯಲ್ಲೇ ಶಾಲೆಗೆ ಬಂದು, ಮಧ್ಯಾಹ್ನ ಊಟದ ಸಾಲಿನಲ್ಲಿ ನಿಲ್ಲುತ್ತಾನೆ. ಅದೇ ಸಾಲಿನಲ್ಲೇ ಜಗಳ ಆಗಿದೆ. ಹೊಡೆದದ್ದು ಸರಿ ಎಂದು ಹೇಳುತ್ತಿಲ್ಲ. ಹದಿನಾಲ್ಕು ತುಂಬದ ಮಗುವನ್ನು ಕೂಲಿಗೆ ಇಟ್ಟುಕೊಳ್ಳುವುದು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರ 20,000ದಿಂದ 50,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳಿಂದ ಎರಡು ವರ್ಷದ ಜೈಲು, ಅಥವಾ ಎರಡೂ ಆಗಬಹುದಾದ ಅಪರಾಧ. ಅವನು ಯಾರ ಹೊಲಕ್ಕೆ ಹೋಗುತ್ತಾನೆಂದು ಊರಿಗೆ ಗೊತ್ತಿರುತ್ತದೆ. ಅಲ್ಲಿ ಅವನು ಮೊಗ್ಗು ಬಿಡಿಸುವಾಗ ಯಾರೂ "ಈ ಹುಡುಗ ನಮಗೆ ಬೇಡ" ಅನ್ನಲಿಲ್ಲ. ತಟ್ಟೆ ಎತ್ತಿದ ದಿನ ಮಾತ್ರ ಬೇಡವಾದ. ಸಭೆಯಲ್ಲಿ ನೀವು ಹೇಳಬೇಕಾದ ಮಾತು ಇದು. ಧೈರ್ಯ ಬೇಕು, ಏಕೆಂದರೆ ಆ ಹೊಲದ ಯಜಮಾನರೂ ಅದೇ ಸಭೆಯಲ್ಲಿ ಕೂತಿರಬಹುದು.

ಕೆಲಸ ಬಿಡಿಸಿದರೆ ಅಜ್ಜಿಯ ಮನೆ ಹೇಗೆ ನಡೆಯಬೇಕು? ಆ ಪ್ರಶ್ನೆಗೆ ಉತ್ತರವಿಲ್ಲದೆ ಬಿಡಿಸಬೇಡಿ. ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಿದೆಯೇ, ರೇಷನ್ ಕಾರ್ಡಿನಲ್ಲಿ ಹುಡುಗನ ಹೆಸರಿದೆಯೇ, ಅಪ್ಪ ತಿಂಗಳಿಗೆ ಎಷ್ಟು ಕಳಿಸುತ್ತಾನೆ, ಪಂಚಾಯಿತಿಯವರು ಕೂತು ನೋಡಲಿ. ಅಪ್ಪ, ಅವ್ವನಿಗೆ ಫೋನು ಮಾಡಿ, ಬೈಯಬೇಡಿ. ಒಬ್ಬರಾದರೂ ಎರಡು ದಿನ ಊರಿಗೆ ಬಂದು ಹೋಗಲಿ, ಬಸ್ ಚಾರ್ಜು ಸಮಿತಿಯವರೇ ಕೂಡಿಸಿ ಕೊಟ್ಟರೂ ತಪ್ಪಿಲ್ಲ.

ಹುಡುಗನನ್ನು ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ನಿಲ್ಲಿಸಿ ಕ್ಷಮೆ ಕೇಳಿಸುವುದು ಬೇಡ. ಹೊಡೆಯುವುದು, ಅವಮಾನಿಸುವುದು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಪ್ರಕಾರ ನಿಷಿದ್ಧ, ಅದರಿಂದ ಇನ್ನೊಂದು ಜಗಳ ಹುಟ್ಟುತ್ತದೆ ಅಷ್ಟೇ. ಪೆಟ್ಟು ತಿಂದವನು ಒಪ್ಪಿದರೆ ಮಾತ್ರ, ಇಬ್ಬರ ಮನೆಯ ಹಿರಿಯರ ಮುಂದೆ, ಒಂದು ಕೋಣೆಯಲ್ಲಿ ಮಾತಾಡಲಿ. ಅವನು ಒಪ್ಪದಿದ್ದರೆ ಒತ್ತಾಯ ಬೇಡ. ಹೊಡೆದವನನ್ನು ದಿನಾ ಮಾತಾಡಿಸಲು ಒಬ್ಬ ದೊಡ್ಡವರನ್ನು ಗೊತ್ತುಮಾಡಿ, ಪಿ.ಟಿ. ಮಾಸ್ತರಾಗಲಿ, ಅಡುಗೆಯವರಾಗಲಿ. ಎಲ್ಲರೂ ನೋಡಿಕೊಳ್ಳುತ್ತೇವೆ ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ, ಹೆಸರು ಬರೆದುಕೊಳ್ಳಿ.

"ಅವನಿಗೆ ತಲೆ ಕೆಟ್ಟದ" ಎಂದು ಯಾರಾದರೂ ಅಂದರೆ ಸುಮ್ಮನಾಗಿಸಿ. ಆದರೆ ನಿದ್ದೆ ಇಲ್ಲದಿದ್ದರೆ, ತನಗೇ ಏನಾದರೂ ಮಾಡಿಕೊಳ್ಳುವ ಮಾತು ಆಡಿದರೆ, ಕೊಪ್ಪಳದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದೊಯ್ಯಿರಿ. ಇದಕ್ಕೆ ನಾಚಿಕೆಪಡುವ ಕಾರಣ ನಮ್ಮ ಸೀಮೆಗಂತೂ ಇಲ್ಲ. 1985ರಿಂದ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಹಳ್ಳಿ ಹತ್ತಿರವೇ ಮನಸ್ಸಿನ ಚಿಕಿತ್ಸೆ ಕೊಡಬಹುದೆಂದು ತೋರಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೇ ಬಳ್ಳಾರಿ ಮಾದರಿಯ ಮೇಲೆ ನಿಂತಿದೆ. ಫೋನಿನಲ್ಲಿ ಮಾತಾಡಲು ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098, ಎರಡಕ್ಕೂ ಹಣ ಬೇಡ.

ನಿಮ್ಮ ಮಗಳಿಗೆ "ಹೆದರಬ್ಯಾಡ" ಎಂದಷ್ಟೇ ಹೇಳಿ ಕಳಿಸಬೇಡಿ. ಅವಳು ಏನು ನೋಡಿದಳು, ಕೇಳಿ. ಜಗಳ ಯಾವ ಮಾತಿನಿಂದ ಶುರುವಾಯಿತೆಂದು ಅವಳಿಗೆ ಗೊತ್ತಿರಬಹುದು. ಹೇಳಿದರೆ ಹೆಡ್ ಮಾಸ್ತರಿಗೆ ನೀವೇ ತಿಳಿಸಿ, ಅವಳನ್ನು ಸಭೆಗೆ ಸಾಕ್ಷಿಗೆ ಎಳೆಯಬೇಡಿ. ಮತ್ತೆ ಸೋಮವಾರದಿಂದಲೇ ಊಟದ ಸಾಲಿನ ಹತ್ತಿರ ಒಬ್ಬ ಮಾಸ್ತರು ಅಥವಾ ಟೀಚರು ನಿಲ್ಲಬೇಕೆಂದು ಠರಾವಿನಲ್ಲಿ ಬರೆಸಿ.