ಓದುಗರ ಪ್ರಶ್ನೆ: ಹಳೆಯ ‘ಸೂಪರ್‌ಮ್ಯಾನ್’, ಹೊಸ ಟಿವಿ

ಪ್ರಶ್ನೆ: 1978ರ ‘ಸೂಪರ್‌ಮ್ಯಾನ್’ ನೋಡಿ ಚಿಕ್ಕಂದಿನಲ್ಲಿ ಬೆರಗಾಗಿದ್ದೆ. ಈಗ ದೊಡ್ಡ ಟಿವಿಯಲ್ಲಿ ಹಾಕಿದರೆ ಹಾರುವ ದೃಶ್ಯಗಳು ಕತ್ತರಿಸಿ ಅಂಟಿಸಿದಂತಿವೆ, ಉಳಿದದ್ದು ಧಾರಾವಾಹಿಯಂತಿದೆ. ಚಿತ್ರ ಹಳತಾಯಿತೋ, ಟಿವಿಯ ದೋಷವೋ?

ಉತ್ತರ: ಹೆಚ್ಚಿನ ಪಾಲು ಟಿವಿಯದೇ. ಚಿತ್ರ ಸೆಕೆಂಡಿಗೆ 24 ಫ್ರೇಮಿನದು. ಟಿವಿಯ ‘ಮೋಷನ್ ಸ್ಮೂದಿಂಗ್’ ನಡುನಡುವೆ ತಾನೇ ಫ್ರೇಮು ಹುಟ್ಟಿಸಿ ತುರುಕುತ್ತದೆ. ಧಾರಾವಾಹಿಯ ಕಳೆ ಬರುವುದು ಅದರಿಂದ. ಕಂಪನಿಗೊಂದು ಹೆಸರಿನಲ್ಲಿ ಇರುತ್ತದೆ, ಹುಡುಕಿ ಆಫ್ ಮಾಡಿ. ಶಾರ್ಪ್‌ನೆಸ್ ಇಳಿಸಿ. ಅದು ಹೆಚ್ಚಿದ್ದರೆ ಆಕೃತಿಗಳ ಅಂಚಿಗೆ ಬಿಳಿ ಗೆರೆ ಕಟ್ಟಿಕೊಂಡು, ಅಂಟಿಸಿದ ಹಾಗೆ ಕಾಣುವುದು ಇಮ್ಮಡಿಯಾಗುತ್ತದೆ. ಚಿತ್ರದ ಮೇಲಿನ ಕಾಳುಕಾಳನ್ನು ಒರೆಸುವ ನಾಯ್ಸ್ ರಿಡಕ್ಷನ್ ಕೂಡ ಬೇಡ, ಮುಖಗಳು ಮೇಣದಂತಾಗುತ್ತವೆ. ಟಿವಿಯಲ್ಲಿ ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಇಷ್ಟೂ ಒಂದೇ ಸಲಕ್ಕೆ ಮುಗಿಯುತ್ತದೆ.

ಆಮೇಲೂ ಹಾರಾಟದ ಹಿನ್ನೆಲೆ ಮಸುಕಾಗಿದ್ದರೆ ಅದು ಚಿತ್ರೀಕರಣದ್ದೇ ಗುರುತು. ನಟನನ್ನು ನೀಲಿ ಪರದೆಯ ಮುಂದೆ ಚಿತ್ರೀಕರಿಸಿ, ಆಮೇಲೆ ನೀಲಿಯನ್ನು ತೆಗೆದು ಅಲ್ಲಿ ಬೇರೆ ದೃಶ್ಯ ಕೂರಿಸುವುದು ರೂಢಿಯ ತಂತ್ರ. ಆದರೆ ಅದರ ಮುಂದೆ ನೀಲಿ ಉಡುಪು ತೊಟ್ಟವನನ್ನು ನಿಲ್ಲಿಸಿದರೆ ಪರದೆಯ ಜೊತೆ ಉಡುಪೂ ಮಾಯವಾಗುತ್ತದೆ. ಹಾಗಾಗಿ ಅನೇಕ ಶಾಟ್‌ಗಳಿಗೆ ಫ್ರಂಟ್ ಪ್ರೊಜೆಕ್ಷನ್ ಬಳಸಿದರು. ಕ್ಯಾಮೆರಾದ ಮುಂದೆ 45 ಡಿಗ್ರಿ ಓರೆಯಾಗಿ, ಅರ್ಧ ಬೆಳಕನ್ನು ಮಾತ್ರ ಹಾಯಬಿಡುವ ಕನ್ನಡಿ. ಪಕ್ಕದ ಪ್ರೊಜೆಕ್ಟರಿನಿಂದ ಆಕಾಶದ ಚಿತ್ರ ಅದಕ್ಕೆ ತಾಗಿ ನಟನ ಹಿಂದಿನ ಪರದೆಯ ಮೇಲೆ ಬೀಳುತ್ತದೆ. ಆ ಪರದೆ ಬೆಳಕನ್ನು ಬಂದ ದಾರಿಯಲ್ಲೇ ಕ್ಯಾಮೆರಾಕ್ಕೆ ಮರಳಿಸುತ್ತದೆ. ನಟನ ಮೈಮೇಲೂ ಆಕಾಶ ಬಿದ್ದಿರುತ್ತದೆ, ಆದರೆ ಅವನಿಗೆ ಹಾಕಿದ ದೀಪಗಳ ಪ್ರಖರತೆಯಲ್ಲಿ ಅದು ಕಾಣುವುದಿಲ್ಲ.

ಚಿತ್ರದ ದೃಶ್ಯತಂತ್ರಜ್ಞ ಜೋರಾನ್ ಪೆರಿಸಿಚ್ ಇದಕ್ಕೆ ಸೇರಿಸಿದ ಉಪಾಯ ಬಹಳ ಸೊಗಸಾದದ್ದು. ಕ್ಯಾಮೆರಾ, ಪ್ರೊಜೆಕ್ಟರ್ ಎರಡಕ್ಕೂ ಜೂಮ್ ಲೆನ್ಸ್ ಹಾಕಿ, ಎರಡೂ ಒಟ್ಟಿಗೇ ತಿರುಗುವಂತೆ ಮಾಡಿದರು. ಕ್ಯಾಮೆರಾ ಹಿಗ್ಗಿಸಿದಷ್ಟೂ ಪ್ರೊಜೆಕ್ಟರ್ ಹಿನ್ನೆಲೆಯನ್ನು ಕುಗ್ಗಿಸುತ್ತದೆ. ಆಕಾಶ ಇದ್ದಷ್ಟೇ ಇರುತ್ತದೆ, ಸೂಪರ್‌ಮ್ಯಾನ್ ಮಾತ್ರ ನಮ್ಮತ್ತ ಧಾವಿಸಿದಂತೆ ಕಾಣುತ್ತದೆ. ಆದರೆ ಆ ಆಕಾಶ ಒಮ್ಮೆ ಫಿಲ್ಮಿಗೆ ಇಳಿದದ್ದನ್ನೇ ಎರಡನೇ ಸಲ ಫಿಲ್ಮಿಗೆ ಇಳಿಸಿದ್ದು. ಆ ಮಸುಕು, ಆ ಹೆಚ್ಚಿನ ಗ್ರೇನ್ (ಫಿಲ್ಮಿನ ಕಾಳುಕಾಳು) ಯಾವ ಸೆಟ್ಟಿಂಗಿನಿಂದಲೂ ಹೋಗದು, ಹೋಗಲೂ ಬಾರದು.

ಯಾವ ತಂತ್ರವೂ ಇಲ್ಲದ ಒಂದು ಜಾಗ ಈಗಲೂ ಹೊಸದಾಗಿಯೇ ಇದೆ. ನಾಯಕಿ ಲೋಯಿಸ್‌ಳ ಮನೆಯಲ್ಲಿ ಕ್ಲಾರ್ಕ್, ಅಂದರೆ ಮಾರುವೇಷದ ಸೂಪರ್‌ಮ್ಯಾನ್, ತಾನು ಯಾರೆಂದು ಹೇಳಿಬಿಡಲು ಕನ್ನಡಕ ತೆಗೆಯುತ್ತಾನೆ, ಬೆನ್ನು ನೆಟ್ಟಗಾಗುತ್ತದೆ, ಭುಜ ಅಗಲವಾಗುತ್ತದೆ, ದನಿ ಇಳಿಯುತ್ತದೆ. ಮನಸ್ಸು ಬದಲಿಸಿದೊಡನೆ ಮತ್ತೆ ಕುಗ್ಗುತ್ತಾನೆ. ನಟ ಕ್ರಿಸ್ಟೋಫರ್ ರೀವ್ ಅಲ್ಲಿ ಇಬ್ಬರಾಗಿದ್ದಾರೆ. ಅವರ ಭುಜಗಳನ್ನೇ ಗಮನಿಸಿ.

ಪ್ರಶ್ನೆ: ಇದರ ಬೇರೆಬೇರೆ ಅವಧಿಯ ಆವೃತ್ತಿಗಳಿವೆ. ಯಾವುದನ್ನು ನೋಡಲಿ?

ಉತ್ತರ: ಚಿತ್ರಮಂದಿರಕ್ಕೆ ಬಂದದ್ದು 143 ನಿಮಿಷದ್ದು, ಮೊದಲು ಅದನ್ನೇ ನೋಡಿ. 2018ರ 4ಕೆ ಡಿಸ್ಕ್‌ನಲ್ಲಿರುವುದೂ ಅದೇ. 151 ನಿಮಿಷದ್ದರಲ್ಲಿ ಸೂಪರ್‌ಮ್ಯಾನ್ ಹುಟ್ಟಿದ ಗ್ರಹ ಕ್ರಿಪ್ಟಾನಿನ ಕೆಲವು ದೃಶ್ಯಗಳು ಹೆಚ್ಚಿಗೆ ಸಿಗುತ್ತವೆ. ಅಮೆರಿಕದ ಟಿವಿಗೆಂದು 3 ಗಂಟೆ ಮೀರಿ ಎಳೆದದ್ದು, ಕತ್ತರಿಸಿ ಬಿಟ್ಟಿದ್ದ ದೃಶ್ಯಗಳ ಕುತೂಹಲ ಇರುವವರಿಗೆ ಮಾತ್ರ. ಕಥೆಯ ಓಟ ಅಲ್ಲಿ ಕುಂಟುತ್ತದೆ.