ಓದುಗರ ಪ್ರಶ್ನೆ: ಹಡಗಿನ ಊಟದ ಮೇಜಿನಲ್ಲಿ ‘ಮಕ್ಕಳೆಷ್ಟು?’ ಎಂದು ಕೇಳಬಹುದೇ?

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ, ವಯಸ್ಸು 67. ಕಳೆದ ಅಕ್ಟೋಬರಿನಲ್ಲಿ ಮಗ ನಮ್ಮಿಬ್ಬರನ್ನು ಬಾರ್ಸಿಲೋನಾದಿಂದ ಮಯಾಮಿಗೆ 14 ದಿನಗಳ ವಿಹಾರ ಹಡಗಿನಲ್ಲಿ ಕರೆದೊಯ್ದಿದ್ದ. ಊಟದ ಮೇಜಿನಲ್ಲಿ ಜೊತೆಗಿದ್ದ ಯುರೋಪಿನ ದಂಪತಿಯನ್ನು, ಮಕ್ಕಳೆಷ್ಟು, ಪಿಂಚಣಿ ಎಷ್ಟು ಬರುತ್ತದೆ ಎಂದೆಲ್ಲ ವಿಚಾರಿಸಿದೆವು. ಮರುದಿನದಿಂದ ಅವರು ಬೇರೆ ಮೇಜಿಗೆ ಹೋದರು. ಪತ್ನಿ ಕೈಯಲ್ಲಿ ಉಣ್ಣುವುದನ್ನು ಕೆಲವರು ದಿಟ್ಟಿಸಿ ನೋಡಿದರು. ಡೆಕ್ಕಿನಲ್ಲಿ ಖಾಲಿ ಕುರ್ಚಿಯೊಂದರಲ್ಲಿ ಕುಳಿತಾಗ, ಅದರ ಮೇಲೆ ಟವೆಲ್ ಹಾಸಿ ಹೋಗಿದ್ದವರು ಬಂದು ಎಬ್ಬಿಸಿದರು. ಮೊದಲ ಸಂಜೆ ನಾನು ಸಂಧ್ಯಾವಂದನೆಗೆ ಕುಳಿತಿದ್ದಾಗ, ಅಪಾಯವಾದರೆ ಎಲ್ಲಿ ಸೇರಬೇಕೆಂದು ಕಲಿಸುವ ಸುರಕ್ಷತಾ ಅಭ್ಯಾಸಕ್ಕೆ ಬರಲೇಬೇಕೆಂದು ಸಿಬ್ಬಂದಿ ಬಾಗಿಲು ತಟ್ಟಿದರು. ಇನ್ನು ಯಾರೊಂದಿಗೂ ಮಾತನಾಡಬೇಡಿ ಎಂದು ಮಗ ಹೇಳಿದ. ಉಳಿದ ದಿನಗಳನ್ನು ಹಾಗೆಯೇ ಕಳೆದೆವು. ಮುಂದಿನ ವರ್ಷವೂ ಕರೆಯುತ್ತಿದ್ದಾನೆ. ನಮ್ಮಿಂದ ತಪ್ಪಾಯಿತೇ?
– ಹೆಸರು ಬೇಡ, ಬದಿಯಡ್ಕ

ಉತ್ತರ: ಮಾನ್ಯರೇ, ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ನೋಯಿಸಿದ್ದು ಆ ದಂಪತಿ ಎದ್ದುಹೋದ ಸಂಗತಿಯಲ್ಲ, ಉಳಿದ ದಿನಗಳನ್ನು ನೀವು ಮಾತಿಲ್ಲದೆ ಕಳೆದಿರಿ ಎಂಬುದು.

ಕುಂಬಳೆಯಿಂದ ಮುಳ್ಳೇರಿಯಾಕ್ಕೆ ಹೋಗುವ ಬಸ್ಸಿನಲ್ಲಿ ಅಪರಿಚಿತರೊಬ್ಬರು ಪಕ್ಕದಲ್ಲಿ ಕುಳಿತರೆ ನಾವು ಮೊದಲು ಕೇಳುವುದೇ ಮನೆ ಎಲ್ಲಿ, ಯಾರ ಪೈಕಿ, ಮಕ್ಕಳೇನು ಮಾಡುತ್ತಿದ್ದಾರೆ ಎಂದು. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿಗಳೆಲ್ಲ ಒಂದೇ ಬಸ್ಸಿನಲ್ಲಿ ಕೇಳಿಬರುವ ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಗಳಿಗೆ ಒಂದು ಉಪಯೋಗವೂ ಇದೆ: ಮುಂದಿನ ಮಾತನ್ನು ಯಾವ ಭಾಷೆಯಲ್ಲಿ ಆಡಬೇಕೆಂಬುದು ಅವುಗಳಿಂದಲೇ ತೀರ್ಮಾನವಾಗುತ್ತದೆ. ಆದರೆ ಯುರೋಪಿನ ಬಹಳಷ್ಟು ಕಡೆ, ಅದರಲ್ಲೂ ಉತ್ತರದ ದೇಶಗಳಲ್ಲಿ, ಆದಾಯ, ಆರೋಗ್ಯ, ಮಕ್ಕಳ ವಿಷಯಗಳು ಪರಿಚಯ ಬೆಳೆದ ನಂತರ ಅವರಾಗಿಯೇ ಹೇಳಿಕೊಳ್ಳುವಂಥವು. ನಾವು ಸಲುಗೆಯಿಂದ ಕೇಳಿದ್ದು ಅವರಿಗೆ ವಿಚಾರಣೆಯಂತೆ ಕೇಳಿಸಿರಬಹುದು. ಪಿಂಚಣಿಯ ಪ್ರಶ್ನೆಯನ್ನು ಖಂಡಿತ ಬಿಡಬೇಕಿತ್ತು. ಮಕ್ಕಳ ಪ್ರಶ್ನೆಯಂತೂ, ಮಕ್ಕಳಿಲ್ಲದವರಿಗೂ ಮಕ್ಕಳನ್ನು ಕಳೆದುಕೊಂಡವರಿಗೂ ನಮ್ಮೂರಲ್ಲಿಯೂ ನೋವು ಕೊಡುತ್ತದೆ. ಇಲ್ಲಿ ಅವರು ಅದನ್ನು ನುಂಗಿಕೊಳ್ಳುತ್ತಾರೆ, ಅಷ್ಟೆ.

ಹಾಗೆಂದು ಅವರು ನಿಮ್ಮಿಂದಲೇ ಮೇಜು ಬದಲಿಸಿದರೆಂದು ತೀರ್ಮಾನಿಸಬೇಡಿ. ಇಂತಹ ಎಷ್ಟೋ ಹಡಗುಗಳಲ್ಲಿ ರಾತ್ರಿಯೂಟಕ್ಕೆ ಎರಡು ಪಂಕ್ತಿಗಳಿರುತ್ತವೆ. ಇಂಗ್ಲೆಂಡ್, ಅಮೆರಿಕಗಳ ಹಿರಿಯರು ಸಂಜೆ 6ಕ್ಕೇ ಉಣ್ಣಬಯಸಿದರೆ, ಸ್ಪೇನಿನವರು 9ರ ಮೊದಲು ಊಟಕ್ಕೆ ಕೂರುವುದು ಅಪರೂಪ. ಅಲ್ಲದೆ ಬಾರ್ಸಿಲೋನಾಕ್ಕೂ ಮಯಾಮಿಗೂ 6 ಗಂಟೆಗಳ ಅಂತರವಿರುವುದರಿಂದ, ಸಾಗರ ದಾಟುವ ರಾತ್ರಿಗಳಲ್ಲಿ ಗಡಿಯಾರವನ್ನು ಒಂದೊಂದು ಗಂಟೆಯಂತೆ ಹಿಂದಕ್ಕೆ ತಿರುಗಿಸುತ್ತಾರೆ. ಹಸಿವು, ನಿದ್ರೆಗಳು ಏರುಪೇರಾಗಿ ಹಲವರು ಊಟದ ಹೊತ್ತನ್ನೇ ಬದಲಿಸಿಕೊಳ್ಳುತ್ತಾರೆ. ಮುಂದಿನ ಬಾರಿ ಮಾತನ್ನು ಪ್ರಯಾಣದಿಂದಲೇ ಆರಂಭಿಸಿ: ಯಾವ ಊರಿನಿಂದ ಬಂದಿರಿ, ಹಿಂದೆ ಯಾವ ಕಡಲು ನೋಡಿದ್ದೀರಿ ಎಂದು. ನಿಮ್ಮ ಮೊಮ್ಮಕ್ಕಳ ವಿಷಯವನ್ನು ನೀವೇ ಹೇಳಿ. ಹೇಳಿಕೊಳ್ಳಬೇಕೆನಿಸಿದವರು ತಮ್ಮದನ್ನೂ ಹೇಳುತ್ತಾರೆ.

ನಿಮ್ಮ ಪತ್ನಿ ಕೈಯಲ್ಲಿ ಉಂಡದ್ದರಲ್ಲಿ ಸಂಕೋಚಪಡಬೇಕಾದ್ದು ಏನೂ ಇಲ್ಲ. ಸಾವಿರಾರು ಜನ ಒಟ್ಟಿಗಿರುವ ಹಡಗಿನಲ್ಲಿ ವಾಂತಿಭೇದಿ ತರುವ ನೊರೋವೈರಸ್ ಬೇಗ ಹರಡುತ್ತದೆ, ಮತ್ತು ಅದಕ್ಕೆ ಸ್ಯಾನಿಟೈಸರಿಗಿಂತ ಸೋಪು ನೀರೇ ಮೇಲು. ಉಣ್ಣುವ ಮೊದಲು ಕೈತೊಳೆಯುವುದು, ಉಣ್ಣುವ ಕೈಯಿಂದ ಬಡಿಸುವ ಸೌಟನ್ನು ಮುಟ್ಟದಿರುವುದು, ಇವೆರಡೂ ನಮ್ಮ ಎಂಜಲಿನ ನಿಯಮದಲ್ಲಿ ಇರುವಂಥವೇ. ನೋಡಿದವರಲ್ಲಿ ಹೆಚ್ಚಿನವರು ಕುತೂಹಲದಿಂದ ನೋಡಿರುತ್ತಾರೆ.

ಕುರ್ಚಿಯ ಜಗಳಕ್ಕೆ ಯಾವ ಸಂಸ್ಕೃತಿಯನ್ನೂ ದೂರಬೇಕಾಗಿಲ್ಲ. ಜರ್ಮನರು ಮುಂಜಾನೆಯೇ ಟವೆಲ್ ಹಾಸುತ್ತಾರೆಂದು ಬ್ರಿಟಿಷರು ಹೇಳುವುದು ಹಳೆಯ ಮಾತು. ಬಸ್ಸಿನ ಕಿಟಕಿಯಿಂದ ಕರವಸ್ತ್ರ ಹಾಕಿ ಸೀಟು ಹಿಡಿಯುವ ನಾವು ಅದನ್ನು ಜರ್ಮನರಿಗೆ ಮಾತ್ರ ಹೊರಿಸಲಾಗದು. ಬಹಳ ಹೊತ್ತು ಜನರಿಲ್ಲದ ಕುರ್ಚಿಯಿಂದ ಟವೆಲನ್ನು ತೆಗೆಯುವ ನಿಯಮ ಹಲವು ಹಡಗುಗಳಲ್ಲಿದೆ. ಡೆಕ್ಕಿನ ಸಿಬ್ಬಂದಿಗೆ ತಿಳಿಸಿ, ನೀವು ವಾದಿಸಲು ಹೋಗಬೇಡಿ.

ಸುರಕ್ಷತಾ ಅಭ್ಯಾಸದ ವಿಷಯದಲ್ಲಿ ಮಾತ್ರ ನಾನು ನಿಮ್ಮ ಪರ ನಿಲ್ಲಲಾರೆ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೋ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಹಡಗು ಬಂಡೆಗೆ ಬಡಿದು 32 ಮಂದಿ ಸತ್ತರು. ಅಂದು ಸಂಜೆಯಷ್ಟೇ ಚಿವಿತಾವೆಕ್ಯಾದಲ್ಲಿ ಹತ್ತಿದ್ದವರಿಗೆ ಅಭ್ಯಾಸ ಇನ್ನೂ ಆಗಿರಲಿಲ್ಲ. ಆ ಬಳಿಕ ಅಂತಾರಾಷ್ಟ್ರೀಯ ನಿಯಮ ಬಿಗಿಯಾಗಿ, 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಈ ಅಭ್ಯಾಸ ನಡೆಯಲೇಬೇಕು. ಎಲ್ಲ ದೇಶದವರೂ, ಎಲ್ಲ ಮತದವರೂ ಅದಕ್ಕೆ ಬರಬೇಕು. ಸಂಧ್ಯಾವಂದನೆಯನ್ನು ಆ ಒಂದು ದಿನ ಸ್ವಲ್ಪ ತಡವಾಗಿ ಮಾಡಿ.

ಮಗನಿಗೆ ಈ ಪುಟವನ್ನು ಓದಲು ಕೊಡಿ, ಮುಂದಿನ ವರ್ಷ ಅವಶ್ಯ ಹೋಗಿ, ಮತ್ತು ಮೊದಲ ದಿನವೇ ಆರೆಂಟು ಜನರ ಮೇಜನ್ನು ಕೇಳಿ ಪಡೆಯಿರಿ; ಇಬ್ಬರು ಸುಮ್ಮನಿದ್ದರೂ ಉಳಿದವರಲ್ಲಿ ಯಾರಾದರೂ ಮಾತಿಗೆ ಸಿಗುತ್ತಾರೆ.

ಪ್ರಶ್ನೆ: ಹಡಗಿನಲ್ಲಿ ಟಿಪ್ಸ್ ಕೊಡದಿದ್ದರೆ ಸಹಪ್ರಯಾಣಿಕರು ಕೀಳಾಗಿ ಕಾಣುತ್ತಾರೆಯೇ?
– ಓದುಗರು, ಮಂಜೇಶ್ವರ

ಉತ್ತರ: ಅಮೆರಿಕದವರಿಗೆ ಅದು ಕರ್ತವ್ಯ, ಜಪಾನಿನವರಿಗೆ ರೂಢಿಯೇ ಇಲ್ಲ. ಹಲವು ಹಡಗುಗಳಲ್ಲಿ ತಲೆಗೆ, ದಿನಕ್ಕೆ ಇಷ್ಟೆಂದು ಅದು ನಿಮ್ಮ ಲೆಕ್ಕಕ್ಕೆ ತಾನಾಗಿಯೇ ಸೇರಿರುತ್ತದೆ. ಟಿಕೆಟ್ ಕೊಳ್ಳುವಾಗಲೇ ಇದನ್ನು ಕೇಳಿ ತಿಳಿದುಕೊಳ್ಳಿ.