ಶಾಪ ಫಲಿಸುವ ಊರಲ್ಲಿ ಕೋರ್ಟು ಯಾಕೆ?

ಪ್ರಿಯ ಗೆಳೆಯರೇ,

ನಮಸ್ಕಾರ. ನೀವು ಕಳಿಸಿದ ‘ಜ್ವಾಲಾನಗರಿಯ ಇತಿಹಾಸ’ವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀವು ಸಮಾಧಾನವಾಗಿ ಓದಬಹುದು. ಮಾಂತ್ರಿಕರು, ಮಾಯಾನಗರಿಗಳು, ಮುಳುಗಿದ ಸಾಮ್ರಾಜ್ಯಗಳು, ಇಂಥ ಹಸ್ತಪ್ರತಿಗಳು ಈಚೆಗೆ ನಮಗೆ ಜಾಸ್ತಿ ಬರುತ್ತಿವೆ. ಹಾಗಾಗಿ ನಿಮ್ಮ ಹೆಸರು ಬಿಟ್ಟು ಉತ್ತರವನ್ನು ಅಂಕಣದಲ್ಲೇ ಬರೆಯುತ್ತಿದ್ದೇನೆ. ಇದಕ್ಕೆ ಒಪ್ಪಿದ್ದಕ್ಕೆ ಥ್ಯಾಂಕ್ಸ್.

ಬೇರೆ ಓದುಗರಿಗಾಗಿ ಕತೆಯ ಸಾರ ಹೇಳುತ್ತೇನೆ. ಜ್ವಾಲಾನಗರಿ ಒಂದು ಕಾಲ್ಪನಿಕ ರಾಜಧಾನಿ. 47 ಮಹಾಮಾಂತ್ರಿಕರು ಒಬ್ಬರಾದ ಮೇಲೊಬ್ಬರು 3000 ವರ್ಷ ಅದನ್ನು ಆಳುತ್ತಾರೆ. ಅರಮನೆಯಲ್ಲಿ ಒಂದು ಕೆಂಪು ಶಿಲೆ ಇದೆ. ಮುಂದಿನ ಮಾಂತ್ರಿಕ ಯಾರು ಅಂತ ಆರಿಸುವುದು ಅದೇ. ಕೋಟೆ ಎದ್ದದ್ದು ಮಂತ್ರದಿಂದ, ನೀರು ಬಂದದ್ದು ಮಂತ್ರದಿಂದ, ಶತ್ರು ಸತ್ತದ್ದೂ ಮಂತ್ರದಿಂದ. ಕೊನೆಯ ಮಾಂತ್ರಿಕನಿಗೆ ದುರಾಸೆ ಹುಟ್ಟುತ್ತದೆ. ಒಂದೇ ರಾತ್ರಿಯಲ್ಲಿ ಊರು ನೆಲದೊಳಗೆ ಕುಸಿಯುತ್ತದೆ.

ಕಷ್ಟಪಟ್ಟಿದ್ದೀರಿ, ಅದು ಕಾಣುತ್ತದೆ. ನಕ್ಷೆ ಇದೆ, ವಂಶಾವಳಿ ಇದೆ, ಊರಿಗೇ ಬೇರೆ ಪಂಚಾಂಗ ಇದೆ. ಆದರೆ ಮೊದಲ 30 ಪುಟ ಓದುವಾಗ ಲಗ್ನಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಅಂತ ಹಾಕುವ ಪಟ್ಟಿ ಓದಿದ ಹಾಗಾಯಿತು. ಹೆಸರಿಗೆ ಬರ ಇಲ್ಲ, ಮನುಷ್ಯರು ಮಾತ್ರ ಕಾಣುವುದಿಲ್ಲ. ಹತ್ತನೇ ಮಾಂತ್ರಿಕನೂ ‘ಅಪಾರ ಶಕ್ತಿಶಾಲಿ’, ಮೂವತ್ತನೆಯವನೂ ‘ಅಪಾರ ಶಕ್ತಿಶಾಲಿ’. ಇಬ್ಬರ ಕಣ್ಣಲ್ಲೂ ಜ್ವಾಲೆ. ಇಷ್ಟು ಜನರ ಕಣ್ಣಲ್ಲಿ ಜ್ವಾಲೆ ಇದ್ದ ಮೇಲೆ ಊರಿಗೆ ದೀಪ ಯಾಕೆ ಬೇಕಿತ್ತೋ ಗೊತ್ತಿಲ್ಲ.

ಆಮೇಲೆ 31ನೇ ಪುಟ ಬರುತ್ತದೆ. ಅಲ್ಲಿ ಎರಡೇ ಸಾಲು. ಮಂತ್ರದಿಂದ ಬರಿಸಿದ ನೀರಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ, ಹಾಗಾಗಿ ಅಗಸರ ಕೇರಿಯವರು ಇವತ್ತಿಗೂ ಕೋಟೆ ದಾಟಿ ಹೊಳೆಗೇ ಹೋಗುತ್ತಾರೆ ಅಂತ ಬರೆದಿದ್ದೀರಿ. ಅಲ್ಲಿ ನಾನು ನಿಂತೆ. ಎಂಥ ಒಳ್ಳೆಯ ಮಾತು! ಯಾಕೆ ಒಣಗುವುದಿಲ್ಲ? ಮಾಂತ್ರಿಕರ ರೇಷ್ಮೆ ಬಟ್ಟೆಯನ್ನೂ ಇವರೇ ಒಗೆಯಬೇಕಾ? ಕೋಟೆ ಬಾಗಿಲು ಮುಚ್ಚಿದ ದಿನ ಏನು ಮಾಡುತ್ತಾರೆ? ಹೊಳೆಗೆ ಹೋಗಲು ಸುಂಕ ಕಟ್ಟಬೇಕಾ? ನೀವು ಇದ್ಯಾವುದನ್ನೂ ಕೇಳಿಕೊಳ್ಳಲಿಲ್ಲ. ಮುಂದಿನ ಸಾಲಲ್ಲೇ 32ನೇ ಮಾಂತ್ರಿಕನ ಪಟ್ಟಾಭಿಷೇಕ.

ನನ್ನ ತಕರಾರು ಇಷ್ಟೇ. ನಿಮ್ಮ ಮಂತ್ರ ಅರಮನೆ ಬಿಟ್ಟು ಹೊರಗೆ ಬಂದಿಲ್ಲ. ಊರಿನ ನೀರು, ನೆಲ, ಆಸ್ತಿ, ಜಗಳ ಇವುಗಳನ್ನು ಅದು ಮುಟ್ಟಿಯೇ ಇಲ್ಲ. ರಾಜಧಾನಿಯ ಇತಿಹಾಸ ಬರೆಯುತ್ತೇನೆ ಅಂತ ಹೊರಟು ಸಿಂಹಾಸನದ ಇತಿಹಾಸ ಬರೆದಿದ್ದೀರಿ.

ನಮ್ಮ ನಿಜವಾದ ರಾಜಧಾನಿಗಳ ವಿಷಯ ನಮಗೆ ಗೊತ್ತಾಗಿರುವುದು ಹೇಗೆ ಅಂತ ಸ್ವಲ್ಪ ನೋಡಿ. ತಾಳಗುಂದ ಗೊತ್ತಲ್ವಾ? ಶಿಕಾರಿಪುರ ತಾಲ್ಲೂಕಿನ ಹಳ್ಳಿ. ಅಲ್ಲಿನ ಪ್ರಣವೇಶ್ವರ ದೇವಸ್ಥಾನದ ಮುಂದೆ ಒಂದು ಕಲ್ಲಿನ ಕಂಬ ಇದೆ. ಕದಂಬರ ಮೂಲಪುರುಷ ಮಯೂರಶರ್ಮನ ಕತೆ ನಮಗೆ ಸಿಕ್ಕಿದ್ದು ಆ ಕಂಬದಿಂದ. ವೇದ ಓದಲು ಗುರುವಿನ ಜೊತೆ ಕಂಚಿಯ ಘಟಿಕೆಗೆ, ಅಂದರೆ ಅಲ್ಲಿನ ವಿದ್ಯಾಕೇಂದ್ರಕ್ಕೆ, ಹೋದ ಹುಡುಗ ಅವನು. ಅಲ್ಲಿ ಒಬ್ಬ ಪಲ್ಲವ ಕುದುರೆ ಸವಾರನ ಜೊತೆ ಜಗಳ ಆಯಿತು, ಅವಮಾನ ಆಯಿತು. ದರ್ಭೆ, ಸಮಿತ್ತು, ಹೋಮದ ಸೌಟು ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಶ್ರೀಪರ್ವತದ ಕಾಡು ಸೇರಿ ಪಲ್ಲವರಿಗೆ ಕಾಟ ಕೊಟ್ಟ. ಕೊನೆಗೆ ಪಲ್ಲವರೇ ಅವನನ್ನು ಅರಸ ಅಂತ ಒಪ್ಪಿಕೊಳ್ಳಬೇಕಾಯಿತು. ಮಂತ್ರ ಓದುವವನು ರಾಜನಾದ ಕತೆ ನಿಮಗೆ ಬೇಕಿತ್ತಲ್ಲ, ಇಗೋ ಇಲ್ಲಿದೆ. ಇಲ್ಲಿ ಯಾವ ಕೆಂಪು ಶಿಲೆಯೂ ಅವನನ್ನು ಆರಿಸಲಿಲ್ಲ. ಒಂದು ಜಗಳ ಸಾಕಾಯಿತು.

ಇನ್ನೊಂದು ಸಂಗತಿ ನನಗೆ ಇನ್ನೂ ಇಷ್ಟ. ಆ ಕಂಬ ನಿಲ್ಲಿಸಿದ್ದು ಮಯೂರಶರ್ಮನನ್ನು ಹೊಗಳಲು ಅಲ್ಲ. ಅವನ ವಂಶದ ಕಾಕುಸ್ಥವರ್ಮ ಆ ದೇವಸ್ಥಾನಕ್ಕೆ ಒಂದು ಕೆರೆ ತೋಡಿಸಿದ. ಅವನ ಮಗ ಶಾಂತಿವರ್ಮನ ಕಾಲದಲ್ಲಿ, ಸುಮಾರು 5ನೇ ಶತಮಾನದ ನಡುವೆ, ಕುಬ್ಜ ಎಂಬ ಕವಿ ಆ ಕೆರೆಯ ವಿಷಯ ಬರೆದ. ಬರೆಯುವಾಗ ವಂಶದ ಕತೆಯನ್ನೂ ಹೇಳಿದ. ಒಂದು ಕೆರೆ ತೋಡಿದ್ದರಿಂದ ಒಂದು ರಾಜವಂಶದ ಹುಟ್ಟು ನಮಗೆ ಗೊತ್ತಾಯಿತು. ನಿಮ್ಮ ಜ್ವಾಲಾನಗರಿಯಲ್ಲಿ 3000 ವರ್ಷ ಕಳೆದರೂ ಒಬ್ಬನೂ ಒಂದು ಕೆರೆ ತೋಡಿಸಿಲ್ಲ. ನೀರು ಸುಮ್ನೆ ಬರುತ್ತದೆ.

ಕೆರೆ ಅಂದಮೇಲೆ ಕೃಷ್ಣದೇವರಾಯನ ಕೆರೆ ಬಿಡುವ ಹಾಗಿಲ್ಲ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅದನ್ನು ಕಟ್ಟುವುದನ್ನು ಕಣ್ಣಾರೆ ನೋಡಿದ. ಸಾವಿರಾರು ಜನ ಕೆಲಸ ಮಾಡುತ್ತಿದ್ದರು, ಕಾಲಿಟ್ಟ ನೆಲವೇ ಕಾಣುತ್ತಿರಲಿಲ್ಲ ಅಂತ ಬರೆಯುತ್ತಾನೆ. ಏರಿ ಎರಡು ಮೂರು ಸಲ ಒಡೆದುಹೋಯಿತಂತೆ. ರಾಯ ಬ್ರಾಹ್ಮಣರನ್ನು ಕೇಳಿದ. ದೇವರಿಗೆ ಸಿಟ್ಟು ಬಂದಿದೆ, ಬಲಿ ಬೇಕು ಅಂದರು. 60 ಜನರ ತಲೆ, ಜೊತೆಗೆ ಕುದುರೆ, ಕೋಣಗಳ ತಲೆ ಹೋಯಿತು ಅಂತ ಪಾಯೆಸ್ ಹೇಳುತ್ತಾನೆ. ಕೆಲವು ವರ್ಷದ ಮೇಲೆ ಬಂದ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಇದನ್ನೇ ಇನ್ನೊಂದು ರೀತಿ ಹೇಳುತ್ತಾನೆ. ಬಲಿ ಕೊಟ್ಟದ್ದು ಮರಣದಂಡನೆಗೆ ಗುರಿಯಾಗಿದ್ದ ಕೈದಿಗಳನ್ನು ಅನ್ನುವುದು ಅವನ ಮಾತು. ಅವನ ಕತೆಯಲ್ಲಿ ಒಬ್ಬ ಪೋರ್ಚುಗೀಸ್ ಕಲ್ಲುಕೆಲಸದವನೂ ಬರುತ್ತಾನೆ.

ನೋಡಿ, ಏರಿ ನಿಂತದ್ದು ಯಾವುದರಿಂದ? ಬಲಿಯಿಂದಲಾ, ಕಲ್ಲುಕೆಲಸದಿಂದಲಾ? ಕೈದಿಗಳು ಅನ್ನುವ ಮಾತು ನೂನಿಜನಿಗೆ ಯಾರು ಹೇಳಿದರು, ರಾಯನ ಕಡೆಯವರಾ? ಆ ಕೆರೆಯ ನೀರು ಕುಡಿದ ಪೇಟೆಯವರು ಆ 60 ಜನರ ಬಗ್ಗೆ ಮನೆಯಲ್ಲಿ ಏನು ಮಾತಾಡಿಕೊಂಡರು? ಮಂತ್ರ, ಬಲಿ, ಅಧಿಕಾರ, ನೀರು ಎಲ್ಲವೂ ಒಂದೇ ಏರಿಯ ಮೇಲಿವೆ. ಎರಡು ಸಾಕ್ಷಿಗಳ ನಡುವಿನ ಸಣ್ಣ ಬಿರುಕಲ್ಲೇ ಇತಿಹಾಸದ ರುಚಿ ಇರುವುದು. ನಿಮ್ಮ ಕತೆಯಲ್ಲಿ ಬಿರುಕೇ ಇಲ್ಲ. ಎಲ್ಲವನ್ನೂ ತಿಳಿದ ಒಬ್ಬ ನಿರೂಪಕ ಇದ್ದಾನೆ, ಅವನು ಹೇಳಿದ್ದೇ ಕೊನೆಯ ಮಾತು. ಅವನು ಯಾರು? ಸಂಬಳ ಕೊಡುತ್ತಿದ್ದವರು ಯಾರು? ಊರು ರಾತ್ರೋರಾತ್ರಿ ಕುಸಿದಿದ್ದರೆ ಇವನು ಹೇಗೆ ಉಳಿದ?

ಈಗ ಶಾಪದ ವಿಷಯಕ್ಕೆ ಬರುತ್ತೇನೆ. ನಿಮ್ಮ ಬರಹಕ್ಕೆ ಇದರಿಂದ ಹೆಚ್ಚು ಲಾಭ ಆದೀತು ಅನಿಸುತ್ತದೆ.

ನಮ್ಮ ದಾನಶಾಸನಗಳ ಕೊನೆಯಲ್ಲಿ ಶಾಪ ಇರುತ್ತದೆ. ಸುಮಾರು 450ರ ಹಲ್ಮಿಡಿ ಶಾಸನದಲ್ಲೇ, ಈ ದಾನ ಕೆಡಿಸಿದವನಿಗೆ ಮಹಾಪಾತಕ ಅಂತ ಇದೆ. ಆಮೇಲಿನ ಶಾಸನಗಳಲ್ಲಿ ಅದು ಇನ್ನೂ ಜೋರಾಯಿತು. ತಾನು ಕೊಟ್ಟದ್ದಾಗಲಿ, ಬೇರೆಯವರು ಕೊಟ್ಟದ್ದಾಗಲಿ, ದಾನದ ಭೂಮಿ ಕಿತ್ತುಕೊಂಡವನು 60,000 ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಅನ್ನುವ ಶ್ಲೋಕ ನೂರಾರು ಕಲ್ಲುಗಳ ಮೇಲಿದೆ. ವಾರಣಾಸಿಯಲ್ಲಿ ಕವಿಲೆ ಹಸು ಕೊಂದ ಪಾಪ ಬರುತ್ತದೆ ಅನ್ನುವುದೂ ಅಷ್ಟೇ ಸಾಮಾನ್ಯ. ಮೇಲೆ ದೇವರ ಸ್ತುತಿ, ರಾಜನ ಬಿರುದು. ನಡುವೆ ಗದ್ದೆಯ ಅಳತೆ, ಗಡಿಯಲ್ಲಿರುವ ಹುಣಸೆಮರ, ಗಾಣದ ತೆರಿಗೆ. ಕಟ್ಟಕಡೆಗೆ ಹುಳು.

ಯಾಕೆ ಹೀಗೆ ಬರೆಯುತ್ತಿದ್ದರು? ದಾನ ಕೊಟ್ಟ ರಾಜ ಒಂದು ದಿನ ಸಾಯುತ್ತಾನೆ. ಮುಂದಿನ ರಾಜ ಬೇರೆ ವಂಶದವನಾಗಬಹುದು. ಅವನು ಬಂದು ಗದ್ದೆ ಕಿತ್ತುಕೊಂಡರೆ ಕೇಳುವವರು ಯಾರು? ಸೈನ್ಯ ಇಲ್ಲ, ಕಚೇರಿ ಇಲ್ಲ. ಉಳಿಯುವುದು ಭಯ ಒಂದೇ. ರಾಜನ ಕೈ ಮುಟ್ಟದ ಜಾಗಕ್ಕೆ ಶಾಪ ಹೋಗಲಿ ಅಂತ ಬರೆಸಿದರು. ಆದರೂ ಜನ ಭೂಮಿ ಕಿತ್ತುಕೊಂಡರು. ನಕಲಿ ತಾಮ್ರಪಟಗಳನ್ನೂ ಮಾಡಿಕೊಂಡರು. ಗಂಗರ ಹೆಸರಲ್ಲಿರುವ ಹಲವು ತಾಮ್ರಪಟಗಳು ಆಮೇಲೆ ಯಾರೋ ಮಾಡಿಸಿದ ನಕಲಿಗಳು ಅಂತ ವಿದ್ವಾಂಸರು ತೋರಿಸಿದ್ದಾರೆ.

ಈಗ ನಿಮ್ಮ ಜ್ವಾಲಾನಗರಿಗೆ ಬನ್ನಿ. ಅಲ್ಲಿ ಶಾಪ ನಿಜವಾಗಿಯೂ ಫಲಿಸುತ್ತದೆ. ಭೂಮಿ ಕದ್ದವನು ಮಾರನೇ ದಿನ ಬೆಳಗ್ಗೆ ಹುಳುವಾಗಿರುತ್ತಾನೆ. ಅಂಥ ಊರಲ್ಲಿ ಕೋರ್ಟು ಯಾಕೆ? ಪೊಲೀಸರು ಯಾಕೆ? ಸಾಲಪತ್ರಕ್ಕೆ ಸಾಕ್ಷಿ ಸಹಿ ಯಾಕೆ? ಶಾಪ ಬರೆಯಲು ಮಾಂತ್ರಿಕ ಎಷ್ಟು ಹೊನ್ನು ಕೇಳುತ್ತಾನೆ? ಬಡವನ ಗದ್ದೆಗೆ ಶಾಪದ ರಕ್ಷಣೆ ಇರುತ್ತದಾ, ಅಥವಾ ಅದು ದುಡ್ಡಿದ್ದವರಿಗೆ ಮಾತ್ರವಾ? ಅಜ್ಜ ತಿಳಿಯದೆ ಪಕ್ಕದವನ ಗಡಿ ಎರಡು ಮೊಳ ಒತ್ತಿದ್ದರೆ ಮೊಮ್ಮಗ ಹುಳುವಾಗುತ್ತಾನಾ? ನಕಲಿ ಶಾಸನದ ಮೇಲೆ ಅಸಲಿ ಶಾಪ ಬರೆಸಿದರೆ ಏನಾಗುತ್ತದೆ? ನನಗಂತೂ ಈ ಕೊನೆಯ ಪ್ರಶ್ನೆಗೆ ಉತ್ತರ ಓದುವ ಆಸೆ. ಆ ನಕಲಿ ಪತ್ರ ಮಾಡಿಕೊಟ್ಟ ಅಕ್ಕಸಾಲಿಗನೇ ನಿಮ್ಮ ಕತೆಯ ನಾಯಕ ಆಗಬಹುದು.

ಉತ್ತರಾಧಿಕಾರದ ವಿಷಯದಲ್ಲೂ ಹೀಗೇ. ಕೆಂಪು ಶಿಲೆ ಆರಿಸುತ್ತದೆ ಅಂದುಬಿಟ್ಟರೆ ಜಗಳಕ್ಕೆ ಜಾಗ ಇಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ 6ನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರರು ‘ಮಿತಾಕ್ಷರಾ’ ಎಂಬ ಧರ್ಮಶಾಸ್ತ್ರ ಗ್ರಂಥ ಬರೆದರು. ಹುಟ್ಟಿನಿಂದಲೇ ಮಗನಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಅನ್ನುವ ವಾದ ಅದರದ್ದು. ಮೊನ್ನೆ ಮೊನ್ನೆಯವರೆಗೆ ನಮ್ಮ ಆಸ್ತಿ ಪಾಲಿನ ಕೇಸುಗಳಲ್ಲಿ ವಕೀಲರು ಇದನ್ನೇ ಹಿಡಿದು ಜಗ್ಗಾಡುತ್ತಿದ್ದರು. ಹಾಗಾದರೆ ಮಂತ್ರ ಪಿತ್ರಾರ್ಜಿತವಾ, ಸ್ವಯಾರ್ಜಿತವಾ? ಅಪ್ಪ ತಾನು ಕಲಿತ ಮಂತ್ರವನ್ನು ಶಿಷ್ಯನಿಗೆ ಕೊಟ್ಟರೆ ಮಕ್ಕಳು ದಾವೆ ಹಾಕಬಹುದಾ? ನಾಲ್ಕು ಗಂಡುಮಕ್ಕಳಿದ್ದರೆ ಮಳೆ ಬರಿಸುವ ಮಂತ್ರ ನಾಲ್ಕು ಪಾಲಾಗಿ ಪ್ರತಿಯೊಬ್ಬನಿಗೂ ಬರೀ ತುಂತುರು ಬರಿಸಲು ಸಾಧ್ಯವಾಗುತ್ತದಾ? ಹೆಣ್ಣುಮಕ್ಕಳಿಗೆ ಏನು? ನಗಬೇಡಿ, ಇದರಲ್ಲಿ ಒಂದು ಒಳ್ಳೆಯ ಕತೆ ಇದೆ.

ಹೊಗಳಿಕೆ ಬರೆಯಲೇಬಾರದು ಅಂತ ನಾನು ಹೇಳುತ್ತಿಲ್ಲ. ವಿಜ್ಞಾನೇಶ್ವರರೂ ಹೊಗಳಿದ್ದಾರೆ. ಕಲ್ಯಾಣದಂಥ ನಗರ ಭೂಮಿಯ ಮೇಲೆ ಹಿಂದೆ ಇರಲಿಲ್ಲ, ಈಗ ಇಲ್ಲ, ಮುಂದೆ ಇರುವುದೂ ಇಲ್ಲ ಅಂದಿದ್ದಾರೆ. ವಿಕ್ರಮನಂಥ ರಾಜನನ್ನು ಕಂಡಿಲ್ಲ, ಕೇಳಿಲ್ಲ ಅಂದಿದ್ದಾರೆ. ಪಂಡಿತ ವಿಜ್ಞಾನೇಶ್ವರನಿಗೂ ಸಮ ಯಾರಿಲ್ಲ ಅಂತ ಅದೇ ಉಸಿರಲ್ಲಿ ತಮ್ಮನ್ನೂ ಸೇರಿಸಿಕೊಂಡಿದ್ದಾರೆ. ಆದರೆ ಇದೆಲ್ಲ ಪುಸ್ತಕದ ಕೊನೆಯಲ್ಲಿ, ಪಾಲು, ಸಾಲ, ಗಡಿ ಜಗಳ ಎಲ್ಲ ಇತ್ಯರ್ಥ ಆದ ಮೇಲೆ. ನೀವು ಮೊದಲ ಸಾಲಿಂದಲೇ ಶುರು ಮಾಡಿದ್ದೀರಿ.

ಊರಿನ ಅಂತ್ಯ ನನಗೆ ಹಿಡಿಸಲಿಲ್ಲ. ಒಂದೇ ರಾತ್ರಿಯಲ್ಲಿ ಎಲ್ಲ ಮುಗಿಸಿದರೆ ಬರೆಯುವವರಿಗೆ ಕೆಲಸ ಕಡಿಮೆ, ಅಷ್ಟೇ. 1565ರ ಜನವರಿಯ ತಾಳಿಕೋಟೆ ಯುದ್ಧದಲ್ಲಿ ವಿಜಯನಗರದ ರಾಮರಾಯ ಸತ್ತ. ಅವನ ತಮ್ಮ ತಿರುಮಲ ಖಜಾನೆ ಹೇರಿಕೊಂಡು ಪೆನುಕೊಂಡೆಗೆ ಹೋದ. ವಿಜಯನಗರ ಲೂಟಿಯಾಯಿತು, ಸುಟ್ಟುಹೋಯಿತು. ಆದರೆ ರಾಜ್ಯ ಮುಗಿಯಲಿಲ್ಲ, ಪೆನುಕೊಂಡೆಯಿಂದ, ಆಮೇಲೆ ಚಂದ್ರಗಿರಿಯಿಂದ ಎಳೆದುಕೊಂಡು ನಡೆಯಿತು. ಹಂಪಿಯಲ್ಲಿ ಅರಮನೆಗಳ ಅಡಿಪಾಯ ಮಾತ್ರ ಉಳಿದಿದೆ, ಆದರೆ ‘ತುರ್ತು’ ಎಂಬ ಹೆಸರಿನ ಆ ಕಾಲದ ಕಾಲುವೆಯಲ್ಲಿ ಇವತ್ತಿಗೂ ನೀರು ಹರಿಯುತ್ತದೆ. ಬಾಳೆ, ಭತ್ತ ಬೆಳೆಯುತ್ತಾರೆ. ಜ್ವಾಲಾನಗರಿಯ ಮಾಂತ್ರಿಕರು ಓಡಿಹೋದ ಮಾರನೇ ದಿನದ ಬೆಳಗ್ಗೆ ಬರೆಯಿರಿ. ಮಂತ್ರದ ನೀರು ನಿಂತಿದೆ. ಊರೆಲ್ಲ ಕೊಡ ಹಿಡಿದು ನಿಂತಿದೆ. ಹೊಳೆಯ ದಾರಿ ಗೊತ್ತಿರುವುದು ಅಗಸರ ಕೇರಿಯವರಿಗೆ ಮಾತ್ರ.

ಹೆಸರುಗಳ ಬಗ್ಗೆ ಒಂದು ಮಾತು. ‘ಝೋರಾಕ್ಸ್’, ‘ಮಾಲ್‌ಥಾರ್’ ಎಲ್ಲ ವಿಡಿಯೋ ಗೇಮಿನಿಂದ ಬಂದ ಹಾಗಿವೆ. ಬೂತುಗ, ದುಗ್ಗಮಾರ, ಎರೆಯಪ್ಪ, ಚಾವುಂಡ ಇಂಥ ಹೆಸರುಗಳು ನಮ್ಮ ಶಾಸನಗಳಲ್ಲೇ ಬಿದ್ದಿವೆ. ಕಿವಿಗೆ ಹಳೆಯದಾಗಿಯೂ ಕೇಳುತ್ತವೆ, ಸ್ವಲ್ಪ ಭಯವೂ ಹುಟ್ಟಿಸುತ್ತವೆ. ಶಾಸನಗಳ ಸಂಪುಟಗಳು ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ, ಕೂತು ಪುಟ ತಿರುಗಿಸಿ. ‘ಭವ್ಯ’, ‘ಅದ್ಭುತ’, ‘ಅಪಾರ’ ಈ ಮೂರನ್ನು ಹುಡುಕಿ ಅಳಿಸಿ. ಬರಹ ಎರಡು ಪುಟ ಕಡಿಮೆಯಾದರೂ ಆದೀತು.

ಮತ್ತೆ ಕಳಿಸುವುದಾದರೆ 3000 ವರ್ಷ ಬೇಡ, ಒಂದು ವರ್ಷ ಸಾಕು. ಮೂರು ಕಾಗದಗಳ ರೂಪದಲ್ಲಿ ಬರೆದು ನೋಡಿ. ಮೊದಲನೆಯದು ಕೆಳಗೆ ಶಾಪ ಇರುವ ಒಂದು ದಾನಶಾಸನ. ಎರಡನೆಯದು ಆ ಶಾಪ ತಪ್ಪಾದ ಮನುಷ್ಯನಿಗೆ ತಗುಲಿದೆ ಅಂತ ಅವನ ಹೆಂಡತಿ ಕೊಟ್ಟ ಅರ್ಜಿ. ಮೂರನೆಯದು ದೂರದಿಂದ ಬಂದು ಅರ್ಧಂಬರ್ಧ ಅರ್ಥ ಮಾಡಿಕೊಂಡ ಒಬ್ಬ ವ್ಯಾಪಾರಿಯ ಟಿಪ್ಪಣಿ. ಮೂರರಲ್ಲೂ ಅಗಸರ ಕೇರಿ ಬರಲಿ. ಇದು ನನ್ನ ಸಲಹೆ ಮಾತ್ರ, ಇದಕ್ಕಿಂತ ಒಳ್ಳೆಯ ದಾರಿ ನಿಮಗೆ ಹೊಳೆದರೆ ಹಾಗೇ ಬರೆಯಿರಿ.

2500 ಪದ ಮೀರದಿರಲಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ವರ್ಡ್ ಫೈಲ್ ಕಳಿಸಿ, ಪಿಡಿಎಫ್ ಬೇಡ. ಹಿಂದಿನ ಸಲ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಬಂದವು. ನಕ್ಷೆ ಚೆನ್ನಾಗಿದೆ, ಅದನ್ನು ಇಟ್ಟುಕೊಂಡಿದ್ದೇನೆ. ಹೊಳೆಗೆ ಹೋಗುವ ದಾರಿಯೊಂದನ್ನು ಅದರಲ್ಲಿ ಗುರುತು ಮಾಡಿ ಇನ್ನೊಂದು ಪ್ರತಿ ಕಳಿಸಿಕೊಡಿ.

ಇಂತಿ,
ಸಂಪಾದಕ